ಹಂಪನಕಟ್ಟೆಯ ಟಿವಿ ಗೇಮ್‌ಗಳು: ಕ್ಯಾಸೆಟ್ ಪೆಟ್ಟಿಗೆ ಕೊಳ್ಳಬೇಕೇ, ಗೇಮ್ ಸ್ಟಿಕ್ಕೇ?

ಹಳೆಯ ವಿಡಿಯೋ ಗೇಮ್ ಬೇಕೆಂದು ಕೇಳಿದರೆ ಮಂಗಳೂರಿನ ಹಂಪನಕಟ್ಟೆ, ಸ್ಟೇಟ್ ಬ್ಯಾಂಕ್ ಆಸುಪಾಸಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಈಗ ಎರಡು ಬಗೆಯ ಮಾಲು ಎದುರಿಗಿಡುತ್ತಾರೆ. ಒಂದು, ಮೇಲಿನಿಂದ ಕ್ಯಾಸೆಟ್ ತುರುಕುವ, ಹಳದಿ-ಬಿಳಿ ಪಿನ್ನಿನ ವಯರಿರುವ ಪ್ಲಾಸ್ಟಿಕ್ ಪೆಟ್ಟಿಗೆ. ಬೆಲೆ ಸಾವಿರದ ಆಸುಪಾಸು, ಚೌಕಾಸಿಗೆ ಜಾಗ ಉಂಟು. ಇನ್ನೊಂದು, ಟಿವಿಯ ಎಚ್‌ಡಿಎಂಐ ಕಿಂಡಿಗೆ ಚುಚ್ಚುವ ಗೇಮ್ ಸ್ಟಿಕ್: ಎರಡು ವಯರ್‌ಲೆಸ್ ರಿಮೋಟ್, ಒಳಗೊಂದು 64 ಜಿಬಿ ಕಾರ್ಡ್, ಡಬ್ಬದ ಮೇಲೆ ‘4ಕೆ’, ‘10,000 ಗೇಮ್ಸ್’ ಎಂಬ ದಪ್ಪ ಅಕ್ಷರ. ಇದು ಎರಡು ಸಾವಿರದ ಆಚೀಚೆ. ಎರಡರ ಮೇಲೂ ಹೇಳಿಕೊಳ್ಳುವಂಥ ಕಂಪನಿ ಹೆಸರಿಲ್ಲ. ಒಂದೇ ಒಳಸರಕು ಹತ್ತು ಬಣ್ಣದ ಡಬ್ಬದಲ್ಲಿ ಬರುತ್ತದೆ. ಹಾಗಾಗಿ ಇದು ಒಂದು ಬ್ರ್ಯಾಂಡಿನ ವಿಮರ್ಶೆಯಲ್ಲ, ಈ ಎರಡು ಜಾತಿಗಳ ವಿಮರ್ಶೆ.

ಕೊಳ್ಳುವವರಲ್ಲಿ ಮಕ್ಕಳ ಹೆಸರು ಹೇಳಿ ತಮಗಾಗಿ ಕೊಳ್ಳುವವರೇ ಹೆಚ್ಚು. ಏಪ್ರಿಲ್-ಮೇ ರಜೆಯಲ್ಲಿ ಗಲ್ಫ್‌ನಿಂದ ಮಾವ ತಂದ ಪೆಟ್ಟಿಗೆಯಲ್ಲೋ, ಸಾಮುರಾಯ್, ಮಿತಾಶಿ ಎಂಬ ಹೆಸರಿನಲ್ಲಿ ಇಲ್ಲೇ ಸಿಗುತ್ತಿದ್ದ ಪೆಟ್ಟಿಗೆಗಳಲ್ಲೋ ಮಾರಿಯೋ, ಕಾಂಟ್ರಾ ಆಡಿ ಬೆಳೆದವರು. ಹೊಸದನ್ನು ಮನೆಗೆ ಒಯ್ದು ಹಾಕಿದ ಮೇಲೆ ಅವರ ಬಾಯಲ್ಲಿ ಬರುವ ಮಾತು ಒಂದೇ: ‘ಮೊದಲಿನ ಮಜಾ ಇಲ್ಲ ಮಾರಾಯ್ರೆ.’ ವಯಸ್ಸಾಯಿತು ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಅಷ್ಟು ಬೇಗ ಒಪ್ಪಬೇಕಾಗಿಲ್ಲ. ಆ ದೂರಿನ ಒಂದು ಪಾಲು ಅಳೆದು ತೋರಿಸಬಹುದಾದದ್ದು: ಆಟದ ವೇಗ ಬೇರೆ, ಸ್ವರ ಬೇರೆ, ಪರದೆ ಬೇರೆ. ಮಿಕ್ಕದ್ದು ನೆನಪಿನ ಬಾಬ್ತು. ಯಾವುದು ಯಂತ್ರದ ತಪ್ಪು, ಯಾವುದು ಅಭ್ಯಾಸದ ತಪ್ಪು ಎಂದು ಬಿಡಿಸದೆ ಯಾವ ಪೆಟ್ಟಿಗೆ ಒಳ್ಳೆಯದೆಂದು ಹೇಳಲು ಬರುವುದಿಲ್ಲ.

ವೇಗ: ಸ್ಟಾಪ್‌ವಾಚ್ ಇಟ್ಟು ನೋಡಿ

ಈ ಎಲ್ಲ ಪೆಟ್ಟಿಗೆಗಳ ಮೂಲ ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಬಾರಿ ಚಿತ್ರ ಬರೆಯುತ್ತಿದ್ದವು. ಪಾಲ್ ಎಂಬ ಪದ್ಧತಿಯ ನಮ್ಮ ಟಿವಿಗಳದ್ದು 50. ಅಂದಿನ ಆಟಗಳು ಗಡಿಯಾರ ನೋಡಿ ನಡೆಯುವಂಥವಲ್ಲ. ಟಿವಿ ಒಂದು ಚಿತ್ರ ಬರೆದು ಮುಗಿಸಿದಾಗಲೆಲ್ಲ ಆಟ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 60ರ ಲೆಕ್ಕಕ್ಕೆ ಬರೆದ ಆಟವನ್ನು 50ರ ಪೆಟ್ಟಿಗೆಯಲ್ಲಿ ಹಾಕಿದರೆ ಸುಮಾರು 17 ಶೇಕಡಾ ನಿಧಾನವಾಗುತ್ತದೆ, ಹಾಡೂ ಅಷ್ಟೇ ನಿಧಾನ. ನಮ್ಮಲ್ಲಿಗೆ, ಗಲ್ಫ್‌ಗೆ ಬರುತ್ತಿದ್ದ ಪೆಟ್ಟಿಗೆಗಳು ಬಹುಪಾಲು ಪಾಲ್ ಟಿವಿಗೆಂದೇ ಮಾಡಿದವು. ಅಂದರೆ ಕರಾವಳಿಯ ಮಕ್ಕಳು ಕಲಿತ ಮಾರಿಯೋ ನಿಧಾನದ ಮಾರಿಯೋ. ಗೇಮ್ ಸ್ಟಿಕ್ಕಿನಲ್ಲಿರುವುದು ಸಾಮಾನ್ಯವಾಗಿ 60ರದ್ದು. ಮೊದಲ ಹೊಂಡದ ಹತ್ತಿರ ಹೆಬ್ಬೆರಳು ಹಳೆಯ ಲೆಕ್ಕದಲ್ಲಿ ಒತ್ತುತ್ತದೆ, ಮಾರಿಯೋ ಅಷ್ಟರಲ್ಲಿ ಒಳಗೆ ಬಿದ್ದಾಗಿರುತ್ತದೆ.

ನಿಮ್ಮ ಪೆಟ್ಟಿಗೆ ಯಾವ ವೇಗದ್ದೆಂದು ಅಂಗಡಿಯಲ್ಲೇ ತಿಳಿಯಬಹುದು. ಸೂಪರ್ ಮಾರಿಯೋ ಮೊದಲ ಸ್ಟೇಜ್ ಸುರು ಮಾಡಿ, ಏನೂ ಒತ್ತದೆ ಮಾರಿಯೋವನ್ನು ಸುಮ್ಮನೆ ನಿಲ್ಲಲು ಬಿಡಿ. ಮೇಲೆ ಬಲಗಡೆ ಟೈಮ್ 400ರಿಂದ ಇಳಿಯುತ್ತದೆ. ಅದು ಸೆಕೆಂಡಲ್ಲ, 24 ಚಿತ್ರಕ್ಕೊಮ್ಮೆ ಒಂದು ಅಂಕಿ ಇಳಿಯುವ ಲೆಕ್ಕ. ಮೊಬೈಲಿನಲ್ಲಿ ಸ್ಟಾಪ್‌ವಾಚ್ ಇಟ್ಟು 390ರಿಂದ 290ರವರೆಗೆ ಎಷ್ಟು ಹೊತ್ತು ಎಂದು ನೋಡಿ. 40 ಸೆಕೆಂಡಾದರೆ 60ರ ಪೆಟ್ಟಿಗೆ, 48 ಆದರೆ 50ರದ್ದು, ಅಂದರೆ ನಿಮ್ಮ ನೆನಪಿನದ್ದು. ಸ್ಟಿಕ್ಕಿನಲ್ಲಿ 42, 43 ಬಂದರೆ ಅದು ಎರಡೂ ಅಲ್ಲ. ಒಳಗಿನ ಚಿಪ್ ಏಗಲಾರದೆ ಒದ್ದಾಡುತ್ತಿದೆ, ಬೇರೆ ಪೀಸ್ ಕೇಳಿ.

ಕಂಪ್ಯೂಟರಿನಲ್ಲಿ ಆಡುವವರಿಗೆ ಇದನ್ನು ಸರಿಮಾಡುವ ದಾರಿಯಿದೆ. ಹಳೆಯ ಆಟಗಳನ್ನು ಆಡಿಸುವ ರೆಟ್ರೋಆರ್ಕ್ ಎಂಬ ಸಾಫ್ಟ್‌ವೇರಿನಲ್ಲಿ ಫ್ಯಾಮಿಕಾಮ್ ಆಟಗಳಿಗಿರುವ ಎಫ್‌ಸಿಇಯುಎಂಎಂ ಎಂಬ ಭಾಗದ (ಕೋರ್) ಆಯ್ಕೆಗಳಲ್ಲಿ ‘ರೀಜನ್’ ಎಂಬಲ್ಲಿ ‘ಡೆಂಡಿ’ ಎಂದಿಡಬೇಕು. ಡೆಂಡಿ ರಷ್ಯಾದಲ್ಲಿ ಮಾರಾಟವಾದ ನಕಲು ಪೆಟ್ಟಿಗೆ. 50ರ ಚಿತ್ರ, ಆದರೆ ಹೆಚ್ಚುಕಡಿಮೆ ಮೂಲ ವೇಗದ ಪ್ರೊಸೆಸರ್. ಹಾಗಾಗಿ ಹಾಡು ನಿಧಾನವಾದರೂ ಶ್ರುತಿ ಇಳಿಯುವುದಿಲ್ಲ. ‘ಪಾಲ್’ ಎಂದಿಟ್ಟರೆ ಶ್ರುತಿಯೂ ಇಳಿದು ಹಾಡು ಬೇರೆಯದೇ ಕೇಳಿಸುತ್ತದೆ. ಸ್ಟಿಕ್ಕಿನ ಮೆನುವಿನಲ್ಲಿ ಈ ಆಯ್ಕೆಯನ್ನು ನಿರೀಕ್ಷಿಸಬೇಡಿ.

ಶ್ರುತಿಯ ಮಾತು ಬಂದದ್ದಕ್ಕೆ ಇನ್ನೊಂದು. ಫ್ಯಾಮಿಕಾಮ್‌ನ ಹಾಡು ಮುಖ್ಯವಾಗಿ ಎರಡು ಚೌಕದ ಅಲೆಗಳಿಂದ ಹುಟ್ಟುತ್ತದೆ. ಅಲೆಯ ಎಷ್ಟು ಪಾಲು ಮೇಲಿರಬೇಕು ಎಂಬುದರ ಮೇಲೆ ಸ್ವರ ತೆಳುವೋ ತುಂಬಿದ್ದೋ ಆಗುತ್ತದೆ. ಬಹಳಷ್ಟು ನಕಲು ಚಿಪ್‌ಗಳಲ್ಲಿ 25 ಶೇಕಡಾ ಮತ್ತು 50 ಶೇಕಡಾ ಅಲೆಗಳು ಅದಲುಬದಲು. ಮೂಲದಲ್ಲಿ ತೆಳುವಾಗಿ ಕೇಳಬೇಕಾದದ್ದು ಇಲ್ಲಿ ದುಂಡಗೆ ಕೇಳುತ್ತದೆ. ಅದನ್ನೇ ಕೇಳಿ ಬೆಳೆದವರಿಗೆ ಸ್ಟಿಕ್ಕಿನ ಸರಿಯಾದ ಸ್ವರವೇ ‘ಡೂಪ್ಲಿಕೇಟ್’ ಅನ್ನಿಸುತ್ತದೆ. ನಕಲು ಕಿವಿಗೆ ಕೂತ ಮೇಲೆ ಅಸಲಿಗೆ ಸರ್ಟಿಫಿಕೇಟ್ ಕೊಡುವವರು ಯಾರು?

ಪರದೆ, ಬಂದೂಕು

ಮೂಲ ಚಿತ್ರ 256 ಅಡ್ಡ, 240 ಉದ್ದದ ಚುಕ್ಕೆಗಳು, ಅಷ್ಟೇ. ಡಬ್ಬದ ಮೇಲಿನ ‘4ಕೆ’ ಚುಕ್ಕೆಯನ್ನು ಹಿಗ್ಗಿಸಬಹುದು, ಹೊಸ ಚುಕ್ಕೆ ತರಲಾರದು. ಹಳೆಯ ದಪ್ಪ ಟಿವಿ ಅಕ್ಕಪಕ್ಕದ ಬಣ್ಣಗಳನ್ನು ಕಲೆಸಿ, ಅಂಚನ್ನು ನಾಲ್ಕೂ ಕಡೆ ಸ್ವಲ್ಪ ಮುಚ್ಚಿ ತೋರಿಸುತ್ತಿತ್ತು. ಆಟ ಬರೆದವರು ಅದನ್ನು ಗೊತ್ತಿದ್ದೇ ಬರೆದದ್ದು. ಎಲ್‌ಇಡಿ ಟಿವಿ ಏನನ್ನೂ ಮುಚ್ಚುವುದಿಲ್ಲ. ಸೂಪರ್ ಮಾರಿಯೋ 3ರಲ್ಲಿ ಬಲ ಅಂಚಿನಲ್ಲಿ ಬಣ್ಣ ಕೆಟ್ಟಂತೆ ಕಾಣುವುದು ಇದಕ್ಕೇ. ಕಾರ್ಡ್ ಹಾಳಾಗಿದೆ ಎಂದು ಅಂಗಡಿಗೆ ಓಡಬೇಡಿ. ಮಾರಿಯೋ ಹೊಟ್ಟೆ ಬಂದವನಂತೆ ಅಗಲ ಕಂಡರೆ ಟಿವಿಯ ಪಿಕ್ಚರ್ ಸೈಜ್ 4:3 ಮಾಡಿ. ಕಾಂಟ್ರಾದಲ್ಲಿ ಗುಂಡು ಹೆಚ್ಚಾದಾಗ ಆಳುಗಳು ಮಿಣಿಮಿಣಿ ಮಾಡುವುದೂ ದೋಷವಲ್ಲ. ಒಂದು ಅಡ್ಡಗೆರೆಯ ಮೇಲೆ 8 ಬೊಂಬೆಗಿಂತ ಹೆಚ್ಚು ಬರೆಯುವುದು ಆ ಚಿಪ್‌ಗೆ ಸಾಧ್ಯವಿಲ್ಲ, ಹಾಗಾಗಿ ಆಟ ಅವನ್ನು ಸರದಿಯಲ್ಲಿ ಬಿಟ್ಟುಬಿಟ್ಟು ಬರೆಸುತ್ತದೆ.

ಬಾತುಕೋಳಿ ಹೊಡೆಯುವ ಗನ್ ಮಾತ್ರ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ. ಕುದುರೆ ಒತ್ತಿದ ಕೂಡಲೇ ಪರದೆ ಒಂದು ಚಿತ್ರದಷ್ಟು ಹೊತ್ತು ಕಪ್ಪಾಗಿ, ಮರುಚಿತ್ರದಲ್ಲಿ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಗನ್ನಿನ ಮೂತಿಯಲ್ಲಿರುವ ಬೆಳಕಿನ ಕಣ್ಣು ಅದೇ ಕ್ಷಣ ಬಿಳಿಯನ್ನು ಕಾಣಬೇಕು. ಅದೂ ದಪ್ಪ ಟಿವಿ ಗೆರೆಗೆರೆಯಾಗಿ ಬರೆಯುವ ಬೆಳಕಿನ ಮಿಡಿತಕ್ಕೆ ಹೊಂದಿಸಿದ ಕಣ್ಣು. ಎಲ್‌ಇಡಿಯಲ್ಲಿ ಚಿತ್ರ ತಡವಾಗಿ ಬರುತ್ತದೆ, ಬೆಳಕು ಮಿಡಿಯುವ ರೀತಿಯೂ ಬೇರೆ. ಆದರೂ ಪೆಟ್ಟಿಗೆಯ ಜೊತೆ ಗನ್ ಇಟ್ಟೇ ಮಾರುತ್ತಾರೆ. ಗನ್ನಿಗೆಂದು ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡಬೇಡಿ.

ಕ್ಯಾಸೆಟ್ ಪೆಟ್ಟಿಗೆ: ಗುಣ, ದೋಷ

ಇದರ ದೊಡ್ಡ ಗುಣ, ಒತ್ತಿದ ಕೂಡಲೇ ಆಗುತ್ತದೆ. ನಡುವೆ ಎಮ್ಯುಲೇಟರ್ (ಹಳೆಯ ಪೆಟ್ಟಿಗೆಯಂತೆ ನಟಿಸುವ ಸಾಫ್ಟ್‌ವೇರ್) ಇಲ್ಲ, ವಯರ್‌ಲೆಸ್ ಇಲ್ಲ. ಮನೆಯಲ್ಲಿ ಕೆಲಸ ಮಾಡುವ ದಪ್ಪ ಟಿವಿ ಉಳಿದಿದ್ದರೆ ಇದಕ್ಕಿಂತ ಹತ್ತಿರದ ಅನುಭವ ಈ ಬೆಲೆಗೆ ಇಲ್ಲ.

ಎಲ್‌ಇಡಿ ಟಿವಿಗೆ ಜೋಡಿಸುವುದೇ ರಗಳೆ. ಕೆಲವಕ್ಕೆ ಹಳದಿ ಪಿನ್ನಿನ ಕಿಂಡಿ ಇರುವುದೇ ಇಲ್ಲ. ಹಸಿರು ಕಿಂಡಿಯ ಸುತ್ತ ಹಳದಿ ಉಂಗುರ ಇದ್ದರೆ ಹಳದಿ ಪಿನ್ನನ್ನು ಅಲ್ಲೇ ಹಾಕಿ, ಇನ್‌ಪುಟ್‌ನಲ್ಲಿ ‘ಎವಿ’ ಆರಿಸಿ. ‘ಕಾಂಪೊನೆಂಟ್’ ಆರಿಸಿದರೆ ಚಿತ್ರ ಕಪ್ಪುಬಿಳಿ. ‘ಎವಿ’ಯಲ್ಲೂ ಕಪ್ಪುಬಿಳಿಯೇ ಬಂದರೆ ಕಲರ್ ಸಿಸ್ಟಮ್ ಅನ್ನು ‘ಆಟೊ’ ಮಾಡಿ. ಹೆಡ್‌ಫೋನ್ ಕಿಂಡಿಯಂಥ ಸಣ್ಣ ‘ಎವಿ’ ಕಿಂಡಿಯಾದರೆ ಬೇರೆ ವಯರ್ ಬೇಕು, ಅದರ ಒಳಜೋಡಣೆ ಒಂದೊಂದು ಟಿವಿಗೆ ಒಂದೊಂದು. ಚಿತ್ರವಿಲ್ಲದೆ ಸ್ಪೀಕರ್ ಗೊಂಯ್‌ಗುಟ್ಟಿದರೆ ಹಳದಿಯನ್ನು ಕೆಂಪಿನ, ಬಿಳಿಯ ಜಾಗಕ್ಕೆ ಬದಲಿಸಿ ನೋಡಿ. ಹೆಚ್ಚಾಗಿ ಅಷ್ಟಕ್ಕೇ ಸರಿಯಾಗುತ್ತದೆ.

ಅಡಾಪ್ಟರಿನಲ್ಲಿ ಎಚ್ಚರ ಬೇಕು. ಕೆಲವು ಪೆಟ್ಟಿಗೆ 9 ವೋಲ್ಟಿನವು, ಕೆಲವು 5ರವು. ಮೂತಿಯ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದೂ ಬೇರೆಬೇರೆ. ವೈಫೈ ಪೆಟ್ಟಿಗೆಯ ಅಡಾಪ್ಟರ್ ಮೂತಿ ಸರಿಹೊಂದಿತೆಂದು ಚುಚ್ಚಿದರೆ ಒಳಗಿನ ಚಿಪ್ ಸುಡಬಹುದು. ಬಿಚ್ಚಿದರೆ ಬೋರ್ಡಿನ ಮೇಲೆ ಕಪ್ಪು ಬೊಟ್ಟು ಹಾಕಿದಂತೆ ಒಂದೇ ಚಿಪ್. ಅದು ಹೋದರೆ ರಿಪೇರಿ ಇಲ್ಲ.

ಇನ್ನು ನಮ್ಮೂರಿನ ಹವೆ. ಕ್ಯಾಸೆಟ್ಟಿನ 60 ಪಿನ್‌ಗಳಿಗೆ ಮಳೆಗಾಲ ಮುಗಿಯುವುದರೊಳಗೆ ಕಿಲುಬು ಹಿಡಿಯುತ್ತದೆ, ಕಡಲ ಹತ್ತಿರದ ಮನೆಗಳಲ್ಲಿ ಇನ್ನೂ ಬೇಗ. ಸ್ಕ್ರೀನ್ ಬೂದು ಬಣ್ಣ ನಿಂತರೆ, ಅಕ್ಷರಗಳು ಚೆಲ್ಲಾಪಿಲ್ಲಿಯಾದರೆ ಕಾರಣ ಹೆಚ್ಚಿನ ಸಲ ಇದೇ. ಊದುವುದು ಎಲ್ಲರಿಗೂ ಗೊತ್ತಿರುವ ಮದ್ದು, ಎಲ್ಲರೂ ಪ್ರೀತಿಯಿಂದ ನೆನಪಿಟ್ಟುಕೊಂಡಿರುವ ಮದ್ದು. ಅದರಿಂದ ಸರಿಯಾದದ್ದು ಮಾತ್ರ ಏನೂ ಇಲ್ಲ. ಕ್ಯಾಸೆಟ್ ತೆಗೆದು ಮತ್ತೆ ಹಾಕಿದ್ದರಿಂದ ಪಿನ್ ಉಜ್ಜಿ ಸಂಪರ್ಕ ಸಿಕ್ಕಿತು, ಊದಿದ ಉಸಿರಿನ ತೇವ ಕಿಲುಬನ್ನು ಇನ್ನಷ್ಟು ಬೆಳೆಸಿತು. ಸರಿಯಾದ ಕ್ರಮ ಹೀಗೆ: ಸ್ವಿಚ್ ಆರಿಸಿ ಕ್ಯಾಸೆಟ್ ತೆಗೆಯಿರಿ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನು ಕಿವಿ ಬಡ್ಸ್‌ಗೆ ತಾಗಿಸಿ ಪಿನ್ನಿನ ಉದ್ದಕ್ಕೆ ಮೇಲೆ ಕೆಳಗೆ ಒರೆಸಿ. ಅಡ್ಡ ಒರೆಸಿದರೆ ಹತ್ತಿಯ ನೂಲು ಸಿಕ್ಕಿಕೊಳ್ಳುತ್ತದೆ. ಬಡ್ಸ್ ಕಪ್ಪಾಗುವುದು ನಿಲ್ಲುವವರೆಗೆ ಬದಲಿಸುತ್ತಾ ಹೋಗಿ. ಕಲೆ ಹೋಗದಿದ್ದರೆ ಮೆತ್ತಗಿನ ಪೆನ್ಸಿಲ್ ರಬ್ಬರಿನಿಂದ ಹಗುರಕ್ಕೆ ಉಜ್ಜಿ, ಪುಡಿ ಕೊಡವಿ, ಮತ್ತೊಮ್ಮೆ ಒರೆಸಿ. ಸ್ಯಾಂಡ್‌ಪೇಪರ್ ಬೇಡ, ಮೇಲಿನ ಲೇಪವೇ ಹೋಗುತ್ತದೆ. ಐದು ನಿಮಿಷ ಒಣಗಿಸಿ, ನಾಲ್ಕೈದು ಸಲ ಹಾಕಿ ತೆಗೆದು ಮಾಡಿ, ಆಮೇಲೆ ಸ್ವಿಚ್ ಹಾಕಿ. ಮಳೆಗಾಲದಲ್ಲಿ ಬಿಗಿಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಗೇಮ್ ಸ್ಟಿಕ್: ಎಲ್ಲ ಉಂಟು, ಆದರೆ

ಸ್ಟಿಕ್ಕನ್ನು ಟಿವಿಯ ಯುಎಸ್‌ಬಿಯಿಂದ ಓಡಿಸಿದರೆ ಆಟದ ನಡುವೆ ಆರಿ ಹತ್ತುವುದು ಸಾಮಾನ್ಯ. ಅನೇಕ ಟಿವಿಗಳ ಯುಎಸ್‌ಬಿ ಅರ್ಧ ಆಂಪಿಯರ್ ಮಾತ್ರ ಕೊಡುತ್ತದೆ. 5 ವೋಲ್ಟ್, 1 ಆಂಪಿಯರಿನ ಹಳೆಯ ಮೊಬೈಲ್ ಚಾರ್ಜರ್ ಹಾಕಿದರೆ ಆ ಕಾಟ ಮುಗಿಯಿತು. ರಿಮೋಟ್ ತಡವರಿಸಿದರೆ ಮೊದಲು ಸೆಲ್ ಬದಲಿಸಿ, ಆಮೇಲೆ ವಯರ್‌ಲೆಸ್ ರಿಸೀವರನ್ನು ಸಣ್ಣ ಎಕ್ಸ್‌ಟೆನ್ಷನ್ ವಯರಿನಲ್ಲಿ ಟಿವಿಯ ಮುಂದಕ್ಕೆ ತನ್ನಿ. ಟಿವಿಯ ತಗಡಿನ ಬೆನ್ನು ಮತ್ತು ಪಕ್ಕದ ವೈಫೈ ಪೆಟ್ಟಿಗೆ, ಎರಡೂ ರಿಮೋಟಿನ 2.4 ಗಿಗಾಹರ್ಟ್ಸ್ ಸಿಗ್ನಲ್‌ಗೆ ಶತ್ರು.

ಇಷ್ಟಾದರೂ ಒತ್ತುವುದಕ್ಕೂ ಹಾರುವುದಕ್ಕೂ ನಡುವೆ ಅಂತರ ಉಳಿಯುತ್ತದೆ. ಟಿವಿಯ ‘ಗೇಮ್ ಮೋಡ್’ ಹಾಕುವುದು ಕಡ್ಡಾಯ. ಇಲ್ಲದಿದ್ದರೆ ಟಿವಿ ಚಿತ್ರವನ್ನು ಚಂದ ಮಾಡುತ್ತಾ ಕೂತು ತಡಮಾಡುತ್ತದೆ. ಅಳೆಯಬೇಕೆಂದರೆ ಮೊಬೈಲಿನ 240 ಫ್ರೇಮ್ ಸ್ಲೋಮೋಷನ್‌ನಲ್ಲಿ ಹೆಬ್ಬೆರಳು ಮತ್ತು ಪರದೆ ಎರಡೂ ಬರುವಂತೆ ಚಿತ್ರೀಕರಿಸಿ, ಒತ್ತಿದಲ್ಲಿಂದ ಮಾರಿಯೋ ನೆಲ ಬಿಡುವವರೆಗಿನ ಫ್ರೇಮ್ ಎಣಿಸಿ. 24 ಫ್ರೇಮ್ ಅಂದರೆ 100 ಮಿಲಿಸೆಕೆಂಡ್. ಅದಕ್ಕಿಂತ ಕಡಿಮೆಯಾದರೆ ಹೊಂದಿಕೊಳ್ಳಬಹುದು. 36 ದಾಟಿದರೆ ಕಾಂಟ್ರಾ ಆಡುವ ಆಸೆ ಬಿಡಬಹುದು.

ಕಾರ್ಡ್ ಇದರ ಅತಿ ಬಡಕಲು ಭಾಗ. ಡಬ್ಬ ಬಿಚ್ಚಿದ ದಿನವೇ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಪೂರ್ತಿ ಇಮೇಜ್ (ಇಡೀ ಕಾರ್ಡಿನ ತದ್ರೂಪು ಪ್ರತಿ) ತೆಗೆದಿಡಿ, ಅದನ್ನು ಹೆಸರಿರುವ ಕಂಪನಿಯ ಹೊಸ ಕಾರ್ಡಿಗೆ ಬರೆದು ಅದನ್ನೇ ಬಳಸಿ. ಬರೇ ಫೈಲ್ ಕಾಪಿ ಮಾಡಿದರೆ ಕೆಲವು ಸ್ಟಿಕ್‌ಗಳು ಏಳುವುದಿಲ್ಲ, ಏಕೆಂದರೆ ಕಾರ್ಡಿನಲ್ಲಿ ವಿಂಡೋಸಿಗೆ ಕಾಣದ ಭಾಗಗಳೂ ಇರುತ್ತವೆ. ಆಟ ಸೇವ್ ಆಗುತ್ತಿರುವಾಗ ಕರೆಂಟ್ ಹೋದರೆ ಕಾರ್ಡೇ ಕೆಡಬಹುದು. ಸಿಡಿಲಿನ ದಿನಗಳಲ್ಲಿ ಹೇಗೂ ಪ್ಲಗ್ ತೆಗೆದಿಡುವವರು ನಾವು.

ಹತ್ತು ಸಾವಿರದ ಲೆಕ್ಕ ಹೇಗೆ? ಒಂದೇ ಆಟದ ಜಪಾನ್, ಅಮೆರಿಕ, ಯುರೋಪ್ ಪ್ರತಿಗಳು ಬೇರೆಬೇರೆ ಎಣಿಕೆ, ಯಾರೋ ತಿದ್ದಿದ ಪ್ರತಿಗಳು ಮತ್ತೆ ಬೇರೆ. ಯುರೋಪ್ ಪ್ರತಿ ಎಂದು ಕಂಡರೆ ಹಳೆಯ ವೇಗ ಸಿಕ್ಕಿತು ಎಂದುಕೊಳ್ಳಬೇಡಿ. ಸೂಪರ್ ಮಾರಿಯೋದ ಯುರೋಪ್ ಪ್ರತಿಯನ್ನು ಅಲ್ಲಿಯ ಟಿವಿಗೆಂದೇ ವೇಗ ತಿದ್ದಿ ಬಿಟ್ಟದ್ದು, ಅದರ ಹಾರಾಟ ಮೂರನೆಯ ಬಗೆ. ಪ್ಲೇಸ್ಟೇಷನ್ ಆಟಗಳೂ ಪಟ್ಟಿಯಲ್ಲಿರುತ್ತವೆ. ಭಾರದ 3ಡಿ ಆಟಗಳಿಗೆ ಈ ಸ್ಟಿಕ್ ಸೋಲುತ್ತದೆ, ಅವಕ್ಕಾಗಿ ಕೊಳ್ಳಬೇಡಿ. ಈ ಪ್ರತಿಗಳು ಯಾವುದಕ್ಕೂ ಹಕ್ಕುದಾರರ ಒಪ್ಪಿಗೆ ಇರುವುದಿಲ್ಲ ಎಂಬುದೂ ಗೊತ್ತಿರಲಿ.

ಯಾವ ಆಟಕ್ಕೆ ನೆನಪು ಬೇಕು, ಯಾವುದಕ್ಕೆ ಬೇಡ

‘99999 ಇನ್ 1’ ಎಂದು ಬರೆದ ಕ್ಯಾಸೆಟ್ಟಿನೊಳಗೆ ನಿಜಕ್ಕೂ ಇದ್ದ ಇಪ್ಪತ್ತು ಆಟಗಳೇ ಲೋಕದ ಅತ್ಯುತ್ತಮ ಆಟಗಳೆಂದು ನಂಬಿರುವವರು ಬಹಳ. ಆ ಪಟ್ಟಿ ಮಾಡಿದ್ದು ಗುಣ ನೋಡಿಯಲ್ಲ, ಗಾತ್ರ ನೋಡಿ. ಫ್ಯಾಮಿಕಾಮ್‌ಗೆ ಬಂದ ಆಟಗಳು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ 1983ರಿಂದ 86ರೊಳಗಿನ, 24ರಿಂದ 40 ಕಿಲೋಬೈಟಿನ ಆಟಗಳನ್ನು ಹೆಚ್ಚುವರಿ ಚಿಪ್ಪಿಲ್ಲದೆ ಒಂದೇ ಕ್ಯಾಸೆಟ್ಟಿಗೆ ತುಂಬುವುದು ಅಗ್ಗ. ಸೂಪರ್ ಮಾರಿಯೋ ಸರಿಯಾಗಿ 40 ಕಿಲೋಬೈಟ್. ಕಾಂಟ್ರಾ 128, ಹಾಗಾಗಿ ಎಲ್ಲ ಕ್ಯಾಸೆಟ್ಟಿನಲ್ಲೂ ಸಿಗುತ್ತಿರಲಿಲ್ಲ. 1988ರ ಸೂಪರ್ ಮಾರಿಯೋ 3 ಒಂದೇ 384 ಕಿಲೋಬೈಟ್. ಆ ಕ್ಯಾಸೆಟ್ಟಿನವರಿಗೆ ಅದು ಸಿಕ್ಕಿದ್ದೇ ಅಪರೂಪ. ಪದೇ ಪದೇ ಕಂಡದ್ದನ್ನು ಮನಸ್ಸು ಹೆಚ್ಚು ಮೆಚ್ಚುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಝಾಯಾನ್ಸ್ 1968ರಲ್ಲೇ ಪ್ರಯೋಗಗಳಿಂದ ತೋರಿಸಿದ್ದರು. ಸ್ಟಿಕ್ಕಿನಲ್ಲಿ ಹತ್ತು ಸಾವಿರ ಇದ್ದರೂ ಕೈ ಹೋಗುವುದು ಆ ಇಪ್ಪತ್ತಕ್ಕೇ.

ಹೊಸಬರ ಕೈಗೆ ಕೊಟ್ಟಾಗ ನಿಲ್ಲುವ ಆಟ ಮೊದಲನೆಯದಾಗಿ ಟ್ಯಾಂಕ್ ಗೇಮ್, ಅಂದರೆ 1985ರ ಬ್ಯಾಟಲ್ ಸಿಟಿ. ವಿವರಿಸುವುದಕ್ಕೆ ಏನೂ ಇಲ್ಲ: ಕೆಳಗಿನ ಹಕ್ಕಿಯನ್ನು ಕಾಯಬೇಕು, ಸ್ಟೇಜಿಗೆ 20 ಶತ್ರು ಟ್ಯಾಂಕ್. ಇಬ್ಬರು ಒಟ್ಟಿಗೆ ಆಡಬಹುದು, ಜೊತೆಯವನಿಗೆ ಗುಂಡು ತಾಗಿದರೆ ಅವನು ಸಾಯುವುದಿಲ್ಲ, ಸ್ವಲ್ಪ ಹೊತ್ತು ಮರಗಟ್ಟುತ್ತಾನೆ. ಅಣ್ಣತಮ್ಮಂದಿರ ಜಗಳಕ್ಕೆ ಇಷ್ಟು ಸಾಕು. ನಕ್ಷತ್ರ ಮೂರು ತಿಂದರೆ ಉಕ್ಕಿನ ಗೋಡೆಯೂ ಒಡೆಯುತ್ತದೆ. ಸಲಿಕೆ ತಿಂದರೆ ಹಕ್ಕಿಯ ಸುತ್ತ ಉಕ್ಕಿನ ಗೋಡೆ. ಮೆನುವಿನಲ್ಲಿ ‘ಕನ್‌ಸ್ಟ್ರಕ್ಷನ್’ ಒತ್ತಿ ನಮ್ಮದೇ ಸ್ಟೇಜ್ ಕಟ್ಟಬಹುದು ಎಂಬುದು ಎಷ್ಟೋ ಹಳಬರಿಗೂ ಗೊತ್ತಿಲ್ಲ. ವೇಗ ಸ್ವಲ್ಪ ಹೆಚ್ಚುಕಡಿಮೆಯಾದರೂ ಈ ಆಟ ಕೆಡುವುದಿಲ್ಲ.

ಸೂಪರ್ ಮಾರಿಯೋವನ್ನೂ ಹೊಸಬರು ಒಪ್ಪುತ್ತಾರೆ, ಗಾಳಿಯಲ್ಲಿರುವಾಗಲೂ ಅದನ್ನು ತಿರುಗಿಸಬಹುದಾದ್ದರಿಂದ ತಪ್ಪು ತಿದ್ದಿಕೊಳ್ಳಲು ಅವಕಾಶ ಇದೆ. ಕಾಂಟ್ರಾ ಇಬ್ಬರಿದ್ದರೆ ಸರಿ, ಒಬ್ಬರೇ ಹೊಸಬರಾದರೆ ಮೂರು ಲೈಫ್ ಎರಡು ನಿಮಿಷಕ್ಕೆ ಮುಗಿಯುತ್ತದೆ. ಮೂವತ್ತು ಲೈಫಿಗೆ ಹೆಸರು ಬರುವ ಪರದೆಯಲ್ಲಿ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ, ಆಮೇಲೆ ಸ್ಟಾರ್ಟ್. ಅಮೆರಿಕ ಪ್ರತಿಯನ್ನೇ ಆರಿಸಿ. ಟರ್ಬೊ ಬಟನ್ನಿನಲ್ಲಿ ಒತ್ತಬೇಡಿ, ಎರಡೆರಡು ಸಲ ಬಿದ್ದು ಕೆಡುತ್ತದೆ.

ರೋಡ್ ಫೈಟರ್ ನೆನಪಿಲ್ಲದವರಿಗೆ ನಿಲ್ಲುವುದಿಲ್ಲ. ತಾಗಿದ ಕಾರು ಅಡ್ಡಾದಿಡ್ಡಿ ಹೋಗುವಾಗ ಎದುರು ದಿಕ್ಕಿಗೆ ಒತ್ತಿ ಸರಿಪಡಿಸುವ ಆ ಒಂದು ಜಾಣ್ಮೆ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಹಳಬರು ಅದನ್ನೇ ಮತ್ತೆ ಮತ್ತೆ ಹಾಕುತ್ತಾರೆ, ಆಡಲಿ. ಬಾತುಕೋಳಿ ಹೊಡೆಯುವ ಡಕ್ ಹಂಟ್ ಗನ್ನಿಲ್ಲದೆ ಆಟವೇ ಅಲ್ಲ. ಅಡ್ವೆಂಚರ್ ಐಲ್ಯಾಂಡ್‌ನಲ್ಲಿ ಹಣ್ಣು ತಿನ್ನದೆ ನಿಂತರೆ ಸಾವು, ಕಲ್ಲು ಎಡವಿದರೂ ಜೀವ ಇಳಿಯುತ್ತದೆ. ಈಗಿನ ಮಕ್ಕಳು ಹತ್ತು ನಿಮಿಷ ತಾಳುವುದಿಲ್ಲ, ಮತ್ತು ಈ ವಿಷಯದಲ್ಲಿ ತಪ್ಪು ಮಕ್ಕಳದ್ದಲ್ಲ. ಹಳಬರಿಗೆ ನಮ್ಮ ಸಲಹೆ, ಸ್ಟಿಕ್ ಕೊಂಡರೆ ಆ ಇಪ್ಪತ್ತನ್ನು ಬಿಟ್ಟು ಸೂಪರ್ ಮಾರಿಯೋ 3 ಹಾಕಿ. ಹಳೆಯ ಪರಿಚಯ ಇಲ್ಲದ ಆಟ ಇಷ್ಟವಾದರೆ ಅದು ಆಟದ್ದೇ ಗುಣ.

ಕೊಳ್ಳುವ ಮುಂಚೆ

ದಪ್ಪ ಟಿವಿ ಇದ್ದರೆ ಕ್ಯಾಸೆಟ್ ಪೆಟ್ಟಿಗೆ. ಎಲ್‌ಇಡಿ ಮಾತ್ರ ಇದ್ದು, ಮಕ್ಕಳೂ ಆಡುವವರಾದರೆ ಸ್ಟಿಕ್. ಆದರೆ ಹೊಸ ಕಾರ್ಡಿನ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಿ. ಕಾಂಟ್ರಾ ಒಂದೇ ಸಾಕು, ಕಂಪ್ಯೂಟರ್ ಉಂಟು ಎನ್ನುವವರಿಗೆ ಎರಡೂ ಬೇಡ: ಕಾಂಟ್ರಾ ಮಾಡಿದ ಕೊನಾಮಿ ಕಂಪನಿಯೇ 2019ರಲ್ಲಿ ಬಿಟ್ಟ ಕಾಂಟ್ರಾ ಆನಿವರ್ಸರಿ ಕಲೆಕ್ಷನ್ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಸಿಗುತ್ತದೆ, ಹಕ್ಕಿನ ತಕರಾರೂ ಇಲ್ಲ.

ಈ ಮಾಲಿಗೆ ಹೆಚ್ಚಾಗಿ ಗ್ಯಾರಂಟಿ ಇಲ್ಲ, ‘ಟೆಸ್ಟಿಂಗ್ ಮಾತ್ರ’. ಆ ಟೆಸ್ಟಿಂಗನ್ನು ಅಂಗಡಿಯ ಟಿವಿಯಲ್ಲೇ ಪೂರ್ತಿ ಮಾಡಿಸಿಕೊಳ್ಳಿ. ಎರಡೂ ರಿಮೋಟಿನ ಎಲ್ಲ ಬಟನ್ ಒತ್ತಿ ನೋಡಿ. ದಿಕ್ಕಿನ ಬಟನ್ ಬಲಕ್ಕೆ ಒತ್ತಿ ಹಿಡಿದಾಗ ಮಾರಿಯೋ ನಡುನಡುವೆ ನಿಂತರೆ ಒಳಗಿನ ರಬ್ಬರ್ ಸರಿ ಕೂತಿಲ್ಲ, ಬದಲಿಸಿ ಕೇಳಿ. ವಯರಿನ ರಿಮೋಟಾದರೆ ವಯರ್ ಒಳಹೋಗುವ ಬುಡವನ್ನು ಅತ್ತಿತ್ತ ಬಾಗಿಸುತ್ತಾ ಒತ್ತಿ; ಕಡಿಯುವುದು ಅಲ್ಲೇ. ಆಮೇಲೆ ಸ್ಟಾಪ್‌ವಾಚ್ ಪರೀಕ್ಷೆ. ಬಿಲ್ಲಿನ ಮೇಲೆ ‘ಬದಲಿ’ ಎಷ್ಟು ದಿನದೊಳಗೆ ಎಂದು ಕೈಯಲ್ಲಿ ಬರೆಸಿಕೊಳ್ಳಿ, ಅಡಾಪ್ಟರ್ ಮತ್ತು ಕಾರ್ಡ್ ಅದರಲ್ಲಿ ಸೇರುತ್ತವೆಯೇ ಎಂದೂ ಕೇಳಿ. ಕಾರ್ಡ್ ಸೇರುವುದಿಲ್ಲ ಎಂದರೆ ಇನ್ನೂರು ರೂಪಾಯಿ ಇಳಿಸಿ ಕೇಳುವುದು ನ್ಯಾಯ.